ಇಬ್ಬರಿಗೂ ಎರಡನೇ ಸ್ಥಾನ ಬಂದರೆ ಲೆಕ್ಕ ಹೇಗೆ?

ಪ್ರಶ್ನೆ: ನಮ್ಮ ಶಾಲೆಯ ಭಾವಗೀತೆ ಸ್ಪರ್ಧೆಗೆ ಇಬ್ಬರು ತೀರ್ಪುಗಾರರಿದ್ದರು. ಹತ್ತಕ್ಕೆ ಅವರು ಕೊಟ್ಟ ಅಂಕಗಳು ಹೀಗಿವೆ (ಮೊದಲನೆಯವರದು, ಎರಡನೆಯವರದು): ಕ 9, 8, ಖ 8, 7, ಗ 8, 9, ಘ 7, 7, ಚ 6, 5. ಇವರಿಬ್ಬರ ತೀರ್ಪು ಎಷ್ಟು ಹೊಂದುತ್ತದೆ ಎಂದು ನೋಡಬೇಕಿತ್ತು. ಪುಸ್ತಕದಲ್ಲಿರುವ ಸ್ಪಿಯರ್‌ಮನ್ ಸೂತ್ರದಿಂದ 0.775 ಬಂತು. ಕಂಪ್ಯೂಟರ್ 0.763 ತೋರಿಸುತ್ತಿದೆ. ಯಾವುದು ಸರಿ?

ಉತ್ತರ: ಕಂಪ್ಯೂಟರ್ ಹೇಳಿದ್ದೇ ಸರಿ. ರ‍್ಯಾಂಕ್‌ಗಳ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ ಆರರಿಂದ ಗುಣಿಸುವ ಆ ಸೂತ್ರ ಒಂದು ಅಡ್ಡದಾರಿ ಅಷ್ಟೇ. ಸಮ ಅಂಕ ಇಲ್ಲದಿದ್ದಾಗ ಮಾತ್ರ ಅದು ನಿಖರ. ಸಮ ಇದ್ದಾಗ ಇಬ್ಬರಿಗೂ ಸರಾಸರಿ ರ‍್ಯಾಂಕ್ ಕೊಟ್ಟು (ಮೊದಲನೆಯವರ ಪಟ್ಟಿಯಲ್ಲಿ ಖ, ಗ ಇಬ್ಬರಿಗೂ 2.5, ಎರಡನೆಯವರದರಲ್ಲಿ ಖ, ಘ ಇಬ್ಬರಿಗೂ 3.5), ಆ ರ‍್ಯಾಂಕ್‌ಗಳ ಮೇಲೆ ಮಾಮೂಲಿ ಸಹಸಂಬಂಧ ಲೆಕ್ಕ ಹಾಕಬೇಕು. ಎಕ್ಸೆಲ್‌ನಲ್ಲಿ ರ‍್ಯಾಂಕ್.ಎವಿಜಿ, ಆಮೇಲೆ ಕೊರೆಲ್.

ಒಂದು ತಪ್ಪನ್ನು ಮಾತ್ರ ದಯವಿಟ್ಟು ಮಾಡಬೇಡಿ. ಸಮ ಬಂದವರಿಗೆ ಹಾಜರಿ ಪಟ್ಟಿಯ ಕ್ರಮದಲ್ಲಿ ಸುಮ್ನೆ 2, 3 ಅಂತ ಹಾಕಿಬಿಡುವುದು ತುಂಬಾ ಕಡೆ ಇದೆ. ಎರಡೂ ಪಟ್ಟಿಗೆ ಹಾಗೆ ಮಾಡಿದರೆ ಹೆಸರಿನ ಮೊದಲ ಅಕ್ಷರವೇ ಇಬ್ಬರ ನಡುವೆ ಇಲ್ಲದ ಒಪ್ಪಿಗೆಯನ್ನು ಹುಟ್ಟಿಸುತ್ತದೆ.

ಇಂಥ ಪಟ್ಟಿಗೆ ನನಗೆ ಜಾಸ್ತಿ ಇಷ್ಟವಾಗುವುದು ಕೆಂಡಾಲ್ ಅವರ ಟೌ. ಇದೂ ಎರಡು ಪಟ್ಟಿಗಳು ಎಷ್ಟು ಹೊಂದುತ್ತವೆ ಎಂದು ಹೇಳುವ ಅಳತೆಯೇ, 1 ಅಂದರೆ ಪೂರ್ತಿ ಒಪ್ಪಿಗೆ. ಮಾರಿಸ್ ಕೆಂಡಾಲ್ 1938ರಲ್ಲಿ ಇದನ್ನು ಕೊಟ್ಟರು. ಸಮ ರ‍್ಯಾಂಕ್‌ಗಳನ್ನು ಏನು ಮಾಡಬೇಕು ಎಂದು 1945ರಲ್ಲಿ ಮತ್ತೆ ಬರೆದರು. ಮಕ್ಕಳನ್ನು ಜೋಡಿ ಜೋಡಿಯಾಗಿ ನೋಡುವುದೇ ಇದರ ಉಪಾಯ. ನಿಮ್ಮ ಐವರಲ್ಲಿ 10 ಜೋಡಿಗಳಿವೆ. 7 ಜೋಡಿಗಳಲ್ಲಿ ತೀರ್ಪುಗಾರರು ಒಪ್ಪಿದ್ದಾರೆ. ಕ–ಗ ಜೋಡಿಯಲ್ಲಿ ಮಾತ್ರ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರದು ಉಲ್ಟಾ. ಖ–ಗ ಮೊದಲನೆಯವರಿಗೆ ಸಮ, ಖ–ಘ ಎರಡನೆಯವರಿಗೆ ಸಮ. ಏಳರಲ್ಲಿ ಒಂದು ಕಳೆದರೆ 6. ಈ ಆರನ್ನು ಎಷ್ಟರಿಂದ ಭಾಗಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಹತ್ತರಿಂದ ಭಾಗಿಸಿದರೆ ಟೌ-ಎ, 0.6. ಸಮ ಜೋಡಿಗಳನ್ನು ಪೂರ್ತಿ ಬಿಟ್ಟು ಎಂಟರಿಂದ ಭಾಗಿಸಿದರೆ ಗುಡ್‌ಮನ್–ಕ್ರುಸ್ಕಲ್ ಗ್ಯಾಮಾ, 0.75. ಇನ್ನು ಟೌ-ಬಿ. ಒಬ್ಬೊಬ್ಬ ತೀರ್ಪುಗಾರರೂ ಬೇರೆ ಮಾಡಿ ತೋರಿಸಿದ ಜೋಡಿಗಳು 9 (ಹತ್ತರಲ್ಲಿ ಒಂದು ಸಮ). ಒಂಬತ್ತು ಗುಣಿಸು ಒಂಬತ್ತರ ವರ್ಗಮೂಲ 9. ಹಾಗಾಗಿ 0.67. ಪೈಥಾನ್‌ನ ಸೈಪೈ ಎಂಬ ಲೆಕ್ಕದ ಲೈಬ್ರರಿ ನೀವು ಬೇರೆ ಹೇಳದಿದ್ದರೆ ಕೊಡುವುದು ಈ ಟೌ-ಬಿಯನ್ನೇ.

ಗ್ಯಾಮಾ ದೊಡ್ಡದಾಗಿ ಕಾಣುತ್ತದೆ ಎಂದು ಅದನ್ನೇ ಆರಿಸಬೇಡಿ. ಒಬ್ಬರು ಹೆಚ್ಚುಕಡಿಮೆ ಎಲ್ಲರಿಗೂ 8 ಕೊಟ್ಟು, ಉಳಿದ ಎರಡು ಮೂರು ಜೋಡಿಗಳಲ್ಲಿ ಇನ್ನೊಬ್ಬರ ಜೊತೆ ಹೊಂದಿದರೂ ಗ್ಯಾಮಾ 1 ಆಗುತ್ತದೆ.

ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ್ದು ಒಂದಿದೆ: ಆ ಸಮ ಅಂಕದ ಅರ್ಥ ಏನು? ಹತ್ತಕ್ಕೆ ಅಂಕ ಕೊಡುವಾಗ 7, 8, 9 ಬಿಟ್ಟು ಬೇರೆ ಅಂಕ ಕೈಗೆ ಬರುವುದೇ ಕಡಿಮೆ, ಅಲ್ವಾ? ಅಲ್ಲಿ ಸಮ ಅಂದರೆ ‘ವ್ಯತ್ಯಾಸ ಹೇಳಲು ಆಗಲಿಲ್ಲ’ ಎಂದಷ್ಟೇ. ಅದಕ್ಕೆ ಟೌ-ಬಿ ಸರಿ. ಆದರೆ ‘ಇಬ್ಬರೂ ನಿಜಕ್ಕೂ ಸರಿಸಮ’ ಎಂದೇ ತೀರ್ಪುಗಾರರು ಹೇಳಿದ್ದರೆ ವಿಷಯ ಬೇರೆ. ಇಬ್ಬರೂ ಒಂದೇ ಜೋಡಿಯನ್ನು ಸಮ ಅಂದಾಗ ಅದು ಒಪ್ಪಿಗೆಯೇ. ಟೌ-ಬಿ ಅದಕ್ಕೆ ಏನೂ ಕೊಡುವುದಿಲ್ಲ. ಎಲ್ಲರಿಗೂ ಒಂದೇ ಅಂಕ ಹಾಕಿದ ಪಟ್ಟಿ ಸಿಕ್ಕರಂತೂ ಸೊನ್ನೆಯಿಂದ ಭಾಗಿಸಲು ಹೋಗಿ ಉತ್ತರವೇ ಬರುವುದಿಲ್ಲ. ಎಮಂಡ್ ಮತ್ತು ಮೇಸನ್ 2002ರಲ್ಲಿ ಕೊಟ್ಟ ಟೌ-ಎಕ್ಸ್ ಇಬ್ಬರೂ ಸಮ ಅಂದ ಜೋಡಿಯನ್ನು ಪೂರ್ತಿ ಒಪ್ಪಿಗೆ ಎಂದೇ ಎಣಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥ ಜೋಡಿ ಇಲ್ಲ, ಹಾಗಾಗಿ ಅದೂ 0.6 ಆಗುತ್ತದೆ.

ನಿಮ್ಮ ವರದಿಯಲ್ಲಿ ಟೌ-ಬಿ 0.67 ಎಂದು ಬರೆಯಿರಿ. ‘ಬಿ’ ಅನ್ನುವುದನ್ನು ಬಿಡಬೇಡಿ. ಜೊತೆಗೆ ಮಕ್ಕಳು ಐವರೇ ಎನ್ನುವುದನ್ನೂ ಬರೆಯಿರಿ. ಕ–ಗ ಜೋಡಿಯಲ್ಲಿ ಎರಡನೆಯವರು ಕ ಮುಂದೆ ಅಂದಿದ್ದರೆ ಸಾಕಿತ್ತು, ಇದೇ ಸಂಖ್ಯೆ 0.89ಕ್ಕೆ ಏರುತ್ತಿತ್ತು.