ಓದುಗರ ಪ್ರಶ್ನೆ: ಅಳಿಲು ಬಾಲವೆತ್ತಿ ಹೇಳುವುದೇನು?

ಪ್ರಶ್ನೆ: ನಮ್ಮ ಹಿತ್ತಿಲಿನ ಸೀಬೆಮರದ ಅಳಿಲು ಬೆಕ್ಕನ್ನು ಕಂಡರೆ ಅಡಗಿಕೊಳ್ಳುವುದಿಲ್ಲ, ಕೊಂಬೆಯ ಮೇಲೆ ಕುಳಿತು, ಬಾಲವನ್ನು ಮತ್ತೆಮತ್ತೆ ಮೇಲಕ್ಕೆ ಚಿಮ್ಮಿಸುತ್ತ ಒಂದೇ ಸಮನೆ ಕೂಗುತ್ತದೆ. ತಾನಿರುವ ಜಾಗವನ್ನು ವೈರಿಗೆ ತಾನೇ ತೋರಿಸಿಕೊಡುವುದೇಕೆ?
— ಓದುಗರೊಬ್ಬರು, ಶಿರಸಿ

ಉತ್ತರ: ಬೆಕ್ಕು ಹೊಂಚುಹಾಕಿ ಬೇಟೆಯಾಡುವ ಪ್ರಾಣಿ. ಬೇಟೆಯ ಕಣ್ಣಿಗೆ ಬಿದ್ದ ಮೇಲೆ ಅದರ ಹೊಂಚು ಬಹುಮಟ್ಟಿಗೆ ಕೆಟ್ಟಂತೆಯೇ. ಆದ್ದರಿಂದ ಅಳಿಲಿನ ಕೂಗು ನೆರೆಯ ಅಳಿಲುಗಳಿಗೆ ಎಚ್ಚರಿಕೆಯಾಗಿರುವಂತೆಯೇ, ‘ನಿನ್ನನ್ನು ನೋಡಿದ್ದೇನೆ, ಇನ್ನು ಕಾಯುವುದು ವ್ಯರ್ಥ’ ಎಂದು ಬೆಕ್ಕಿಗೆ ನೇರವಾಗಿ ತಿಳಿಸುವ ಸೂಚನೆಯೂ ಹೌದೆಂದು ಪ್ರಾಣಿವರ್ತನೆಯ ಅಧ್ಯಯನಕಾರರು ವಿವರಿಸುತ್ತಾರೆ. ಪ್ರತಿ ಕೂಗಿನೊಡನೆ ಬಾಲವೂ ಚಿಮ್ಮುವುದನ್ನು ನೀವು ಗಮನಿಸಿರಬಹುದು. ಕಿವಿಗೆ ಬೀಳದ್ದು ಕಣ್ಣಿಗಾದರೂ ಬೀಳಲಿ ಎಂಬಂತೆ ಎರಡೂ ಜೊತೆಯಾಗಿಯೇ ನಡೆಯುತ್ತವೆ.

ಎದುರಿಗಿರುವ ವೈರಿ ಯಾರೆಂಬುದನ್ನು ನೋಡಿಕೊಂಡು ಬಾಲದ ಸಂದೇಶವನ್ನೇ ಬದಲಾಯಿಸುವ ಅಳಿಲೂ ಒಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಲ ತೋಡಿ ವಾಸಿಸುವ ನೆಲದ ಅಳಿಲುಗಳಿಗೆ ಬುಡುಬುಡಿಕೆ ಹಾವು, ಅಂದರೆ ರ‍್ಯಾಟಲ್‌ಸ್ನೇಕ್, ಬಹಳ ಹಳೆಯ ವೈರಿ. ಬೆಳೆದ ಅಳಿಲಿನ ರಕ್ತದಲ್ಲಿ ಈ ಹಾವಿನ ವಿಷವನ್ನು ಸಾಕಷ್ಟು ಮಟ್ಟಿಗೆ ತಡೆದುಕೊಳ್ಳುವ ಶಕ್ತಿಯಿದ್ದರೂ ಮರಿಗಳಿಗೆ ಆ ರಕ್ಷಣೆ ಸಾಲದು. ಹೀಗಾಗಿ ತಾಯಿ ಓಡಿಹೋಗದೆ ಹಾವಿನ ಮುಂದೆಯೇ ನಿಂತು, ಕೂದಲು ನಿಮಿರಿಸಿದ ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ಈ ಹಾವು ನಮ್ಮ ಮಲೆನಾಡಿನ ಗುಳಿಮಂಡಲದಂತೆ ಕಣ್ಣಿಗೂ ಮೂಗಿಗೂ ನಡುವಿನ ಗುಳಿಗಳಿಂದ ಶಾಖವನ್ನು, ಎಂದರೆ ಅವಕೆಂಪು ಕಿರಣಗಳನ್ನು, ಗ್ರಹಿಸಬಲ್ಲದು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರನ್ ರಂಡಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಖವನ್ನು ಸೆರೆಹಿಡಿಯುವ ಕ್ಯಾಮೆರಾದ ಮೂಲಕ ನೋಡಿದಾಗ, ಬುಡುಬುಡಿಕೆ ಹಾವಿನ ಎದುರು ಅಳಿಲಿನ ಬಾಲ ಬಿಸಿಯಾಗಿ ಬೆಳಗುತ್ತಿತ್ತು. ಶಾಖವನ್ನು ಗ್ರಹಿಸಲಾರದ, ವಿಷವಿಲ್ಲದ ಗೋಫರ್ ಹಾವಿನ ಎದುರು ಅದೇ ಅಳಿಲು ಬಾಲವನ್ನು ಬೀಸಿದರೂ ಬಿಸಿ ಮಾಡುತ್ತಿರಲಿಲ್ಲ. ಇದು ಆಕಸ್ಮಿಕವಿರಬಹುದೇ ಎಂಬ ಅನುಮಾನವನ್ನು ಕಳೆಯಲು ಅವರು ಬಾಲವನ್ನು ಬಿಸಿಮಾಡಬಹುದಾದ ಯಂತ್ರದ ಅಳಿಲೊಂದನ್ನು ಹಾವಿನ ಮುಂದಿಟ್ಟರು. ಬರಿದೆ ಬೀಸುವ ಬಾಲಕ್ಕಿಂತ ಬಿಸಿಯಾಗಿ ಬೀಸುವ ಬಾಲದ ಮುಂದೆ ಹಾವು ಆಕ್ರಮಣದ ನಿಲುವನ್ನು ಬಿಟ್ಟು ಆತ್ಮರಕ್ಷಣೆಯ ನಿಲುವಿಗೆ ಹೆಚ್ಚಾಗಿ ಸರಿಯಿತು.

ಇದೇ ಅಳಿಲು ಹಾವು ಕಳಚಿಟ್ಟ ಪೊರೆಯನ್ನು ಜಗಿದು, ಆ ಎಂಜಲಿನಿಂದ ತನ್ನ ಮೈಯನ್ನೂ ಬಾಲವನ್ನೂ ನೆಕ್ಕಿಕೊಂಡು, ವೈರಿಯ ವಾಸನೆಯನ್ನೇ ಹೊದ್ದುಕೊಳ್ಳುತ್ತದೆ. ಜಾಣತನಕ್ಕೆ ನರಿಯನ್ನಷ್ಟೇ ಹೊಗಳುವ ನಮ್ಮ ಕಥೆಗಳು ಅಳಿಲಿಗೆ ಸ್ವಲ್ಪ ಅನ್ಯಾಯವನ್ನೇ ಮಾಡಿವೆ ಎನ್ನಬೇಕು.

ಪ್ರಶ್ನೆ: ಬಾಲ ತುಂಡಾದ ಅಳಿಲಿಗೆ ಹಲ್ಲಿಯಂತೆ ಮತ್ತೆ ಬಾಲ ಬೆಳೆಯುತ್ತದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ. ಅಳಿಲಿನ ಬಾಲದೊಳಗೆ ಬೆನ್ನೆಲುಬಿನ ಮಣಿಗಳು ಸಾಗಿರುತ್ತವೆ. ಕಳೆದುಕೊಂಡರೆ ಅವು ಮರಳಿ ಬರುವುದಿಲ್ಲ. ಮೋಟುಬಾಲದ ಅಳಿಲು ಬದುಕಬಲ್ಲದಾದರೂ ಕೊಂಬೆಯ ತುದಿಯಲ್ಲಿ ಸಮತೋಲ ಕಾಯ್ದುಕೊಳ್ಳುವುದು ಅದಕ್ಕೆ ಕಷ್ಟ. ಪಶ್ಚಿಮ ಘಟ್ಟದ ಕೆಂದಳಿಲು ಹಿಂಗಾಲುಗಳಿಂದ ಕೊಂಬೆಗೆ ಜೋತುಬಿದ್ದು ಮುಂಗಾಲುಗಳಲ್ಲಿ ಹಣ್ಣು ಹಿಡಿದು ತಿನ್ನುವಾಗ, ಮೈಯಷ್ಟೇ ಉದ್ದದ ಅದರ ಬಾಲವು ಕೊಂಬೆಯ ಮತ್ತೊಂದು ಬದಿಯಲ್ಲಿ ತಕ್ಕಡಿಯ ಬಟ್ಟಿನಂತೆ ತೂಗುತ್ತಿರುವುದನ್ನು ನೋಡಿದವರಿಗೆ ಈ ನಷ್ಟ ಎಷ್ಟೆಂಬುದು ಗೊತ್ತಾಗುತ್ತದೆ. ಆಫ್ರಿಕಾದ ಕಲಹಾರಿಯ ಬಯಲಿನಲ್ಲಿರುವ ಕೇಪ್ ನೆಲದ ಅಳಿಲಂತೂ ಸೂರ್ಯನಿಗೆ ಬೆನ್ನು ಮಾಡಿ, ಬಾಲವನ್ನು ತಲೆಯ ಮೇಲೆ ಬಾಗಿಸಿಕೊಂಡು, ಅದರ ನೆರಳಿನಲ್ಲಿಯೇ ಮೇಯುತ್ತದೆ.

ಪ್ರಶ್ನೆ: ಅಳಿಲುಗಳು ಹೂತಿಟ್ಟ ಕಾಯಿಗಳನ್ನು ಮರೆತುಬಿಡುತ್ತವೆ, ಅದರಿಂದಲೇ ಕಾಡು ಬೆಳೆಯುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅರ್ಧ ನಿಜ. ಮರಳಿ ತೆಗೆಯದೆ ಉಳಿದ ಕಾಯಿಗಳು ಮೊಳೆಯುವುದುಂಟು. ಆದರೆ ಎಲ್ಲವೂ ಮರೆವಿನ ಫಲವಲ್ಲ. ಉತ್ತರ ಅಮೆರಿಕದ ಬೂದು ಅಳಿಲು ತಾನು ಹೂತ ಜಾಗಗಳನ್ನು ವಾಸನೆಯಿಂದಷ್ಟೇ ಅಲ್ಲದೆ ನೆನಪಿನಿಂದಲೂ ಹುಡುಕುತ್ತದೆಂದು 1991ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬಿಳಿ ಓಕ್ ಮರದ ಕಾಯಿ ಶರತ್ಕಾಲದಲ್ಲಿಯೇ ಮೊಳೆತುಬಿಡುವುದರಿಂದ ಅಳಿಲು ಮೊದಲು ಅದರ ಮೊಳಕೆಯ ಭಾಗವನ್ನು ಹಲ್ಲಿನಿಂದ ಕಿತ್ತು ತೆಗೆದು ಆಮೇಲೆ ಹೂಳುತ್ತದೆ. ವಸಂತದವರೆಗೆ ಸುಪ್ತವಾಗಿರುವ ಕೆಂಪು ಓಕ್ ಕಾಯಿಯನ್ನು ಹಾಗೆಯೇ ಹೂಳುತ್ತದೆ. ಕಾಡು ಬೆಳೆಸುವ ಉದ್ದೇಶ ಅದಕ್ಕೆ ಕಿಂಚಿತ್ತೂ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇತರ ಅಳಿಲುಗಳು ಹತ್ತಿರವಿದ್ದರೆ ಅವುಗಳಿಗೆ ಬೆನ್ನು ಮಾಡಿ ಗುಂಡಿ ತೋಡುತ್ತದೆ. ಕೆಲವೊಮ್ಮೆ ಗುಂಡಿಯಲ್ಲಿ ಏನನ್ನೂ ಇಡದೆ, ಇಟ್ಟಂತೆ ನಟಿಸಿ, ಮಣ್ಣು ಮುಚ್ಚಿ ಎಲೆಗಳನ್ನು ಎಳೆದು ಹರಡಿ, ಕಾಯಿಯನ್ನು ಬಾಯಲ್ಲಿಟ್ಟುಕೊಂಡೇ ಬೇರೆಡೆಗೆ ಓಡಿಹೋಗುತ್ತದೆ.