‘ಕೊಟ್ಟಷ್ಟು ಕೊಡಿ’ ಎಂಬ ಉಪಚಾರ

ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಸೂಚನೆಯೊಂದಿಗೆ, ದೀರ್ಘ ಪತ್ರ ಬರೆದಿದ್ದಾರೆ. ಹಳೆಯ ಮನೆಯ ಮಾಳಿಗೆಯಲ್ಲಿ ಎರಡು ಕೋಣೆಗಳನ್ನು ಸಜ್ಜುಗೊಳಿಸಿ ಹೋಂಸ್ಟೇ ನಡೆಸುತ್ತಿದ್ದಾರೆ. ಮಳೆಗಾಲದಲ್ಲಿ ಬಂದು ಉಳಿದ ಬೆಂಗಳೂರಿನ ಕುಟುಂಬವೊಂದು ಅಂತರ್ಜಾಲದಲ್ಲಿ ಐದರಲ್ಲಿ ಎರಡು ನಕ್ಷತ್ರ ಕೊಟ್ಟಿದೆ. ಬಿಸಿನೀರು ತಡವಾಯಿತು, ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋದರೆ ಬಾಗಿಲು ಹಾಕಿತ್ತು, ಬೇಕಲ ಕೋಟೆ ಹತ್ತಿರ ಎಂದದ್ದು ಸುಳ್ಳು, ಲೆಕ್ಕ ಸ್ಪಷ್ಟವಿರಲಿಲ್ಲ, ರಾತ್ರಿಯಿಡೀ ಕಪ್ಪೆಗಳ ಗಲಾಟೆ ಎಂಬುದು ದೂರು. ‘ಮನೆಯವರಂತೆಯೇ ನೋಡಿಕೊಂಡೆವು. ಇನ್ನೇನು ಮಾಡಬೇಕಿತ್ತು? ಸರಕಾರದ ದರ್ಜೆಯ ಸರ್ಟಿಫಿಕೇಟ್ ಪಡೆದರೆ ಸರಿಹೋದೀತೇ? ಕೆಲಸದ ಹುಡುಗನಿಗೆ ಇಂಗ್ಲಿಷ್ ಕಲಿಸಬೇಕೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ಕಪ್ಪೆಗಳ ವಿಷಯ ಬಿಟ್ಟುಬಿಡಿ. ಜೂನ್ ತಿಂಗಳಲ್ಲಿ ಗದ್ದೆ ಬದಿಯ ಮನೆಗೆ ಬಂದವರಿಗೆ ಅದಕ್ಕೆ ಸಮಾಧಾನ ಹೇಳುವ ಹೊಣೆ ನಿಮ್ಮದಲ್ಲ. ಉಳಿದ ನಾಲ್ಕೂ ದೂರುಗಳಲ್ಲಿ ಹುರುಳಿದೆ.

ನಿಮ್ಮ ಮನೆಯವರ ಆದರದಲ್ಲಿ ಕೊರತೆಯಿಲ್ಲ. ನೀವು ಕಳುಹಿಸಿದ ವಿಮರ್ಶೆಯ ನಕಲಿನಲ್ಲಿಯೇ ಆ ಕುಟುಂಬದವರು ನಿಮ್ಮ ತಾಯಿಯವರ ನೀರುದೋಸೆಯನ್ನು ಮನಸಾರೆ ಹೊಗಳಿದ್ದಾರೆ. ಅವರ ಸಿಟ್ಟೆಲ್ಲ ನೀವು ಹೇಳಿದ ಮಾತಿನ ಮೇಲೆ, ಹೇಳದೆ ಬಿಟ್ಟ ಮಾತಿನ ಮೇಲೆ.

ನಿಮ್ಮ ಜಾಹೀರಾತು ನೋಡಿದೆ. ‘ಬೇಕಲ ಕೋಟೆಯ ಸಮೀಪ’ ಎಂದಿದೆ. ಕುಂಬಳೆಯಿಂದ ಕೋಟೆಗೆ 30 ಕಿಲೋಮೀಟರ್ ಆಸುಪಾಸು. ನಡುವೆ ಕಾಸರಗೋಡು ಪೇಟೆ, ಚಂದ್ರಗಿರಿ ಹೊಳೆ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಗುರುತಿಸಿದಂದಿನಿಂದ ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಯಾರ ಬೋರ್ಡು ನೋಡಿದರೂ ಬೇಕಲವೇ. ನಿಮ್ಮ ಅಂಗಳದಿಂದ ನಿಜವಾಗಿಯೂ ಹತ್ತಿರವಿರುವ ಆರಿಕ್ಕಾಡಿ ಕೋಟೆ, ಕಣಿಪುರ ದೇವಸ್ಥಾನ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂಬ ಹೆಗ್ಗಳಿಕೆ, ಇವುಗಳಲ್ಲಿ ಒಂದನ್ನೂ ನೀವು ಬರೆದಿಲ್ಲ. ಇದ್ದದ್ದನ್ನು ಮುಚ್ಚಿಟ್ಟು ಇಲ್ಲದ್ದನ್ನು ಮಾರಿದ ಹಾಗಾಯಿತು.

ಅನಂತಪುರದ ಕತೆಯೂ ಅದೇ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುವುದು ನಮ್ಮ ದೇವಸ್ಥಾನಗಳ ವಾಡಿಕೆ. ನಮಗೆ ಅದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಆದ್ದರಿಂದಲೇ ನೀವು ಹೇಳಲಿಲ್ಲ. ಅವರು ಊಟ ಮುಗಿಸಿ, ಮಕ್ಕಳನ್ನು ಕರೆದುಕೊಂಡು, ಉರಿಬಿಸಿಲಿನಲ್ಲಿ ಮುರಕಲ್ಲಿನ ಹಾಸಿನ ಮೇಲೆ ನಿಂತರು. ಸಾಲದ್ದಕ್ಕೆ ‘ಮೊಸಳೆ ನೋಡಬಹುದು’ ಎಂದು ನೀವು ಮಕ್ಕಳಿಗೆ ಆಸೆ ಹುಟ್ಟಿಸಿದ್ದಿರಂತೆ. ಅಲ್ಲಿನ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿಯೇ ತೀರಿಹೋಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡದ್ದು ನಿಜ. ಆದರೆ ಮೊಸಳೆಯ ಪರವಾಗಿ ಮಾತು ಕೊಡುವ ಅಧಿಕಾರ ಅರ್ಚಕರಿಗೂ ಇಲ್ಲ.

ಈ ವಿಷಯದಲ್ಲಿ ಅಧ್ಯಯನಗಳೂ ಆಗಿವೆ. 1988ರಲ್ಲಿ ಅಮೆರಿಕದ ಪರಶುರಾಮನ್, ಝೈತಮಲ್, ಬೆರ್ರಿ ಎಂಬ ಮೂವರು ಪ್ರಾಧ್ಯಾಪಕರು ಸೇವೆಯ ಗುಣಮಟ್ಟವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಣ್ಣಿಗೆ ಕಾಣುವ ಸೌಕರ್ಯ, ಚುರುಕು, ನಂಬಿಕೆ ಹುಟ್ಟಿಸುವ ತಿಳಿವಳಿಕೆ, ಕಾಳಜಿ, ಹೇಳಿದ್ದನ್ನು ಹೇಳಿದಂತೆ ಮಾಡುವುದು ಎಂದು ಐದು ಬಾಬತ್ತುಗಳನ್ನು ಅವರು ಗುರುತಿಸಿದರು. ಅವರ ಮುಂದಿನ ಸಮೀಕ್ಷೆಗಳಲ್ಲಿ ಗ್ರಾಹಕರು ಹೆಚ್ಚಿನ ತೂಕ ಕೊಟ್ಟದ್ದು ಕೊನೆಯದಕ್ಕೆ, ಕಡಿಮೆ ತೂಕ ಕೊಟ್ಟದ್ದು ಕಣ್ಣಿಗೆ ಕಾಣುವ ಸೌಕರ್ಯಕ್ಕೆ. ನೀವು ಸಾಲ ಮಾಡಿ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದೀರಿ. ಆ ಟೈಲ್ಸ್ ಬಗ್ಗೆ ವಿಮರ್ಶೆಯಲ್ಲಿ ಒಂದು ಅಕ್ಷರವೂ ಇಲ್ಲ. ಆರು ಗಂಟೆಗೆ ಸ್ನಾನ ಮುಗಿಸಿ ರೈಲು ಹಿಡಿಯಬೇಕಿದ್ದವರಿಗೆ ಹಂಡೆಗೆ ಬೆಂಕಿ ಹಾಕಿದ್ದೇ ಏಳಕ್ಕೆ ಎಂಬುದು ಮಾತ್ರ ನೆನಪಿನಲ್ಲಿ ಉಳಿದಿದೆ. ಹಿಂದಿನ ರಾತ್ರಿ ಊಟ ಬಡಿಸುವಾಗ ‘ನಾಳೆ ಎಷ್ಟು ಹೊತ್ತಿಗೆ ನೀರು ಬೇಕು, ಕುಚ್ಚಲು ಅನ್ನ ಆದೀತೋ ಬೆಳ್ತಿಗೆಯೇ ಆಗಬೇಕೋ’ ಎಂದು ಕೇಳಿದ್ದರೆ ಮುಗಿಯುತ್ತಿತ್ತು.

ಇನ್ನು ಲೆಕ್ಕದ ವಿಷಯ. ಪತ್ರದ ಒಂದು ಸಾಲು ನನ್ನನ್ನು ಅಲ್ಲಿಯೇ ನಿಲ್ಲಿಸಿತು: ‘ಸಂಜೆಯ ತಿಂಡಿಗೆ ಎಷ್ಟು ಎಂದು ಕೇಳಿದರು. ಕೊಟ್ಟಷ್ಟು ಕೊಡಿ ಎಂದೆ.’ ಇದನ್ನು ನೀವು ಔದಾರ್ಯವೆಂದು ತಿಳಿದಿದ್ದೀರಿ. ಕೇಳಿಸಿಕೊಂಡವರ ಪಾಡು ಊಹಿಸಿ. ನೂರು ಕೊಟ್ಟರೆ ಅವಮಾನವೇ, ಐನೂರು ಕೊಟ್ಟರೆ ಮೋಸಹೋದೆವೇ ಎಂದು ಗಂಡಹೆಂಡಿರು ಕೋಣೆಯಲ್ಲಿ ಪಿಸುಮಾತಿನಲ್ಲಿ ಚರ್ಚೆ ಮಾಡಿರುತ್ತಾರೆ. ಕೊನೆಗೆ ಅವರು ಕೊಟ್ಟದ್ದು ನಿಮಗೆ ಕಡಿಮೆಯೆನಿಸಿತು ಎಂದೂ ಬರೆದಿದ್ದೀರಿ! ದುಡ್ಡಿನ ಮಾತೆತ್ತಲು ನಮ್ಮ ಕಡೆಯವರಿಗೆ ಮೊದಲಿನಿಂದಲೂ ಸಂಕೋಚ. ನೆಂಟರಿಗೆ ಅದು ಒಪ್ಪುತ್ತದೆ. ಬಾಡಿಗೆ ಕೊಟ್ಟು ಉಳಿಯುವವರಿಗೆ ಊಟ, ತಿಂಡಿ, ರೈಲು ನಿಲ್ದಾಣದಿಂದ ಕರೆತರುವ ಆಟೋ, ಇವುಗಳ ದರವನ್ನು ಕೋಣೆ ಕಾದಿರಿಸುವಾಗಲೇ ಬರೆದು ಕಳುಹಿಸಿ. ‘ಇನ್ನೊಂದು ದೋಸೆ ಹಾಕಿಸಿಕೊಳ್ಳಲೇಬೇಕು’ ಎಂಬ ಒತ್ತಾಯವನ್ನೂ ಸ್ವಲ್ಪ ತಗ್ಗಿಸಿದರೆ ಒಳ್ಳೆಯದು.

ಕಾದಿರಿಸಿದವರಿಗೆ ಕಳುಹಿಸುವ ಆ ಸಂದೇಶದಲ್ಲಿ ಹೆದ್ದಾರಿ 66ರಿಂದ ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು ಎಂಬುದೂ ಇರಲಿ. ಆರು ಪಥದ ರಸ್ತೆಯಲ್ಲಿ ಒಂದು ತಿರುವು ತಪ್ಪಿದರೆ ಮತ್ತೆ ಮರಳುವುದು ಸಣ್ಣ ಕೆಲಸವಲ್ಲ. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದು, ರಾಣಿಪುರಂ ಗುಡ್ಡ ಹತ್ತುವವರು ಜಿಗಣೆಗೆ ಸಿದ್ಧರಾಗಿಯೇ ಹೋಗಬೇಕು ಎಂದು ಮೊದಲೇ ತಿಳಿಸಿ. ಹರತಾಳದ ಕರೆ ಬಂದರೆ ಆ ಕೂಡಲೇ ಫೋನ್ ಮಾಡಿ. ನಮಗೆ ಅದು ರಜೆ, ರೈಲಿನಿಂದ ಇಳಿದವರಿಗೆ ಆಟೋ ಸಿಗದ ದಿನ. ಇಷ್ಟೆಲ್ಲ ಹೇಳಿದರೆ ಬರುವವರೂ ಬಾರದೆ ಹೋದಾರು ಎಂಬ ಭಯ ನಿಮಗಿದ್ದೀತು. ಕೆಲವರು ಬರಲಿಕ್ಕಿಲ್ಲ. ಅವರು ಬಂದಿದ್ದರೆ ಎರಡು ನಕ್ಷತ್ರವನ್ನೇ ಕೊಡುತ್ತಿದ್ದರು.

ಸರ್ಟಿಫಿಕೇಟ್ ಪಡೆಯಿರಿ, ಬೇಡವೆನ್ನುವುದಿಲ್ಲ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ಎಂಬ ಮೂರು ದರ್ಜೆ ಕೊಡುತ್ತದೆ. ಕೋಣೆಗಳು ಆರಕ್ಕಿಂತ ಹೆಚ್ಚಿರಬಾರದು, ಮಾಲೀಕರು ಅಲ್ಲಿಯೇ ವಾಸವಿರಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರಗಳ ನಮೂನೆಯನ್ನು ವಲಸೆ ಅಧಿಕಾರಿಗಳಿಗೆ ಸಲ್ಲಿಸುವುದನ್ನು ಮರೆಯಬೇಡಿ.

ಆ ವಿಮರ್ಶೆಯ ಕೆಳಗೆ ನೀವು ‘ಇದುವರೆಗೆ ದೂರಿದವರು ನೀವೊಬ್ಬರೇ’ ಎಂದು ಬರೆದದ್ದನ್ನು ಮಾತ್ರ ಇಂದೇ ಅಳಿಸಿ. ಅದನ್ನು ಆ ಕುಟುಂಬ ಮತ್ತೆ ಓದುವುದಿಲ್ಲ, ಮುಂದೆ ಬರಬೇಕಾದವರು ಓದುತ್ತಾರೆ. ‘ನೀರು ತಡವಾದದ್ದು ನಿಜ. ಈಗ ಹಿಂದಿನ ರಾತ್ರಿಯೇ ಹೊತ್ತು ಕೇಳಿಕೊಳ್ಳುತ್ತೇವೆ. ಬೇಕಲ 30 ಕಿ.ಮೀ. ಎಂದು ಜಾಹೀರಾತಿನಲ್ಲಿ ತಿದ್ದಿದ್ದೇವೆ’ ಎಂದಷ್ಟೇ ಬರೆಯಿರಿ, ಅದಕ್ಕೂ ಮೊದಲು ತಿದ್ದಿರಿ.

ಕೊನೆಯದಾಗಿ ನಿಮ್ಮ ಹುಡುಗ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿ 12 ಭಾಷೆಗಳಲ್ಲಿ ಉತ್ತರಿಸುತ್ತದೆ, ಜಪಾನಿಯೂ ರಷ್ಯನ್ನೂ ಉಂಟು, ಕನ್ನಡವಿಲ್ಲ, ಮಲಯಾಳವೂ ಇಲ್ಲ. ನಿಮ್ಮ ಹುಡುಗನಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ. ಮಲಯಾಳದ ಬೋರ್ಡು ಓದಲಾಗದೆ ಬಸ್ಸಿನ ಮುಂದೆ ಕಂಗಾಲಾಗುವ ಬೆಂಗಳೂರಿನವರಿಗೆ ಅವನಿಗಿಂತ ದೊಡ್ಡ ಆಸರೆ ಯಾರು? ಇಂಗ್ಲಿಷ್ ಕಲಿತರೆ ಒಳ್ಳೆಯದೇ, ಆದರೆ ಅವನ ತೊಡಕು ಭಾಷೆಯದಲ್ಲ. ಆಟೋ ಕರೆಸಲು ಕೇಳಿದಾಗ ‘ಯಜಮಾನರು ಬರಲಿ’ ಎಂದನಂತೆ. ರಿಟ್ಜ್-ಕಾರ್ಲ್‌ಟನ್ ಹೋಟೆಲುಗಳಲ್ಲಿ ಸಾಮಾನ್ಯ ನೌಕರರೂ ಅತಿಥಿಯ ತೊಂದರೆ ನೀಗಿಸಲು ಮೇಲಿನವರನ್ನು ಕೇಳದೆ 2000 ಡಾಲರ್‌ವರೆಗೆ ಖರ್ಚು ಮಾಡಬಹುದು. ನೀವು ಅವನ ಕೈಯಲ್ಲಿ 500 ರೂಪಾಯಿ ಇಡಿ, ಲೆಕ್ಕವನ್ನು ಸಂಜೆ ಕೇಳಿ. ಅವನ ಮೊಬೈಲಿನ ರೀಚಾರ್ಜ್ ಕೂಡ ಇನ್ನು ಮುಂದೆ ನಿಮ್ಮ ಖರ್ಚಿನಲ್ಲಿಯೇ ಆಗಲಿ.