2012ರ ಡೀಸೆಲ್ ಇನ್ನೋವಾ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಇಂಜೆಕ್ಟರ್ ಬದಲಿಸಲು ನಂಬಿಕಸ್ತ ಮೆಕ್ಯಾನಿಕ್ ಹುಡುಕಲೋ, ಗಾಡಿ ಮಾರಿಬಿಡಲೋ?

ರಾತ್ರಿಯಿಡೀ ನಿಂತರೆ ಮಾತ್ರ ತೊಂದರೆ, ಒಮ್ಮೆ ಸ್ಟಾರ್ಟ್ ಆದರೆ ಇಡೀ ದಿನ ಏನೂ ಇಲ್ಲ ಅಂತ ಬರೆದಿದ್ದೀರಿ. ನನ್ನದೂ ಹೀಗೇ ಇತ್ತು. 2009ರ ಇನ್ನೋವಾ, ಅದೇ 2494 ಸಿಸಿ ಡಿ-4ಡಿ ಎಂಜಿನ್. ಹಾಸನದ ಚಳಿಯಲ್ಲಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದುಹೋಗುತ್ತಿತ್ತು. ಮಧ್ಯಾಹ್ನವಾದರೆ ಕೀಲಿ ತಿರುಗಿಸಿದರೆ ಸಾಕು.

ಅಲ್ಲಿ ಇಲ್ಲಿ ಓದಿ, ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ಪಂಪ್, ನಾಝಲ್ ಕೆಲಸ ಮಾಡುವ ಅಂಗಡಿಗೆ ಹೋಗಿ "ಇಂಜೆಕ್ಟರ್ ನೋಡಿ" ಅಂದೆ. "ಬೆಳಿಗ್ಗೆ ಮಾತ್ರ ಹೀಗೆ" ಅಂತ ಹೇಳಲೇ ಇಲ್ಲ. ನನಗೆ ದುಡ್ಡು ಹೋಗಿದ್ದು ಇದೊಂದರಿಂದ. ಅವರು ನಾಲ್ಕೂ ಬಿಚ್ಚಿ ಟೆಸ್ಟ್ ಬೆಂಚ್ ಮೇಲೆ ಹಾಕಿದರು. 2 ಲಕ್ಷ ಕಿಲೋಮೀಟರ್ ದಾಟಿದ ಇಂಜೆಕ್ಟರಿನಲ್ಲಿ ಹುಡುಕಿದರೆ ಏನಾದರೂ ಸವೆತ ಕಾಣುತ್ತದೆ. ಕಂಡಿತು. ನನ್ನ ಅನುಮಾನವೇ ನಿಜ ಅಂತ ನನಗೂ ಅನಿಸಿತು, ಅವರಿಗೂ ಅನಿಸಿತು. ರಿಪೇರಿ ಬಿಲ್ 30 ಸಾವಿರ ದಾಟಿತು. ಅಂಗಡಿಯಲ್ಲಿ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು.

ಅಂಗಡಿಯಲ್ಲಿ ಮಾತ್ರ ಹೇಗೆ ಸ್ಟಾರ್ಟ್ ಆಯಿತು? ಡೀಸೆಲ್ ಲೈನ್ ಬಿಚ್ಚಿ ಜೋಡಿಸಿದ ಮೇಲೆ ಒಳಗಿನ ಏರ್ ತೆಗೆಯಲೇಬೇಕು. ಅದಕ್ಕೆ ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತುವ ಚಿಕ್ಕ ಪಂಪ್) ಒತ್ತಿ ಲೈನ್ ತುಂಬಾ ಡೀಸೆಲ್ ತುಂಬಿಸಿದ್ದರು. ಲೈನ್ ತುಂಬಿದ್ದರೆ ನನ್ನ ಹಳೇ ಇಂಜೆಕ್ಟರಿಗೂ ಒಂದೇ ಸೆಲ್ಫ್ ಸಾಕಾಗುತ್ತಿತ್ತು!

ಆ ಅಂಗಡಿಯವರು ಮೋಸಗಾರರಲ್ಲ. ಹೇಳಿದ ಕೆಲಸ ನೀಟಾಗಿ ಮಾಡಿದರು, ತೆಗೆದ ಹಳೇ ಸಾಮಾನನ್ನು ಕವರಿನಲ್ಲಿ ಹಾಕಿ ಕೊಟ್ಟರು. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏನು ಬದಲಿಸಬೇಕು ಅಂತ ನೀವೇ ನಿರ್ಧರಿಸಿಕೊಂಡು ಹೋದರೆ ಎಂಥಾ ಪ್ರಾಮಾಣಿಕರ ಕೈಯಲ್ಲೂ ದುಡ್ಡು ದಂಡವಾಗುತ್ತದೆ. ಗಾಡಿ ಏನು ಮಾಡುತ್ತಿದೆ, ಯಾವ ಹೊತ್ತಿನಲ್ಲಿ ಮಾಡುತ್ತಿದೆ, ಹೊಗೆ ಯಾವ ಬಣ್ಣ ಅಂತ ಹೇಳಿ. ಅಷ್ಟಕ್ಕೇ ನಿಲ್ಲಿಸಿ. ಕೇಳಿದ ಕೂಡಲೇ ಪಾರ್ಟಿನ ರೇಟು ಹೇಳುವವರನ್ನು ಬಿಟ್ಟುಬಿಡಿ.

ನನ್ನ ಗಾಡಿ ಸರಿ ಮಾಡಿದ್ದು ಊರಾಚೆ ಶೆಡ್ ಇಟ್ಟುಕೊಂಡಿರುವ ಒಬ್ಬ ಹಿರಿಯ ಭಾಯ್. ಎಲ್ಲಾ ಕೇಳಿಸಿಕೊಂಡರು, ಬಾನೆಟ್ ಕೂಡ ಎತ್ತಲಿಲ್ಲ. "ಸಾರ್, ಗಾಡಿ ರಾತ್ರಿ ಇಲ್ಲೇ ಬಿಡಿ. ಬೆಳಿಗ್ಗೆ ನಾನು ಬರೋವರೆಗೂ ಯಾರೂ ಸೆಲ್ಫ್ ಹೊಡೀಬಾರದು" ಅಂದರು. ಬೆಳಿಗ್ಗೆ ಮೊದಲು ಪ್ರೈಮರ್ ಒತ್ತಿ ನೋಡಿದರು. ಮೆತ್ತಗಿತ್ತು. ಸುಮಾರು ಹೊತ್ತು ಒತ್ತಿದ ಮೇಲೆ ಗಟ್ಟಿಯಾಯಿತು. ಆಗ ಗಾಡಿ ತಕ್ಷಣ ಸ್ಟಾರ್ಟ್ ಆಯಿತು. ಆಮೇಲೆ ಫಿಲ್ಟರಿನಿಂದ ಪಂಪಿಗೆ ಹೋಗುವ ಜಾಗದಲ್ಲಿ ಒಳಗಡೆ ಕಾಣುವಂಥ ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿದರು. ಒಳಗೆಲ್ಲಾ ಗುಳ್ಳೆ. ಪ್ರೈಮರಿನ ರಬ್ಬರ್ ಬಿರುಕು ಬಿಟ್ಟಿತ್ತು, ವಯಸ್ಸಾದ ಗಾಡಿಯಲ್ಲಿ ಸಹಜ.

ಈ ಎಂಜಿನ್‌ನಲ್ಲಿ ಟ್ಯಾಂಕಿನ ಡೀಸೆಲ್ಲನ್ನು ಎಂಜಿನ್ ಮೇಲಿನ ಪಂಪೇ ಎಳೆದುಕೊಳ್ಳಬೇಕು. ಎಳೆಯುವ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ರಾತ್ರಿ ಲೈನಿನ ಡೀಸೆಲ್ ಟ್ಯಾಂಕಿನ ಕಡೆಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲ್ ಪೈಪಿನಲ್ಲಿ ಪ್ರೆಶರ್ ಏರುವವರೆಗೂ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಪ್ರೈಮರ್ ಬದಲಿಸಿದ ಖರ್ಚು ಇಂಜೆಕ್ಟರ್ ಬಿಲ್ಲಿನ ಹತ್ತನೇ ಒಂದು ಪಾಲೂ ಆಗಲಿಲ್ಲ.

ಭಾಯ್ ಮಾಡಿದ ಮೊದಲ ಪರೀಕ್ಷೆ ನೀವೇ ಮಾಡಬಹುದು. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಪ್ರೈಮರ್ ಒತ್ತಿ. ಒತ್ತಿದಂತೆ ಗಟ್ಟಿಯಾಗಿ, ಆಮೇಲೆ ಗಾಡಿ ತಟ್ಟನೆ ಸ್ಟಾರ್ಟ್ ಆದರೆ ಲೈನಿನಲ್ಲಿ ಗಾಳಿ ಇದೆ ಅಂತಲೇ ಅನುಮಾನಿಸಿ. ಮೊದಲೇ ಗಟ್ಟಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ, ಚಳಿಯಲ್ಲಿ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ನೋಡಿಸಿ. ಇಂಜೆಕ್ಟರ್ ಬಿಚ್ಚುವ ಮೊದಲು, ಅದರಿಂದ ವಾಪಸ್ ಬರುವ ಡೀಸೆಲ್ ಅಳೆಯುವ ರಿಟರ್ನ್ ಟೆಸ್ಟ್ ಕೇಳಿ. ನಾಲ್ಕಕ್ಕೂ ಒಂದೊಂದು ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಉಳಿದವಕ್ಕಿಂತ ತುಂಬಾ ಜಾಸ್ತಿ ತುಂಬುತ್ತದೋ ಆ ಇಂಜೆಕ್ಟರಿನ ಮೇಲೆ ಅನುಮಾನ. ಬಿಚ್ಚಲೇಬೇಕಾಗಿ ಬಂದರೆ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಿಸಿ.

ಮಾರುವ ಯೋಚನೆ ನನಗೆ ಸರಿ ಕಾಣುವುದಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವಂತಿಲ್ಲ ಅಂತ ನಿಮ್ಮ ಭಾವ ಹೇಳಿದರಂತೆ, ಅದು ದೆಹಲಿ ಸುತ್ತಮುತ್ತಲಿನ ಮಾತು. ನಮ್ಮಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷ ಇರುತ್ತದೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬಹುದು. ನಾನು ಮಾಡಿಸಿದ್ದೇನೆ. ನಿಮ್ಮದರ ಸರದಿ 2027ಕ್ಕೆ.

ನೀವು ಕೇಳದ ಇನ್ನೊಂದು ವಿಷಯ, ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಓಟಕ್ಕೆ ಹೊಂದಿಸುವ ಬೆಲ್ಟ್. ಯಾವಾಗ ಬದಲಿಸಿದ್ದು ಅಂತ ಬಿಲ್ ಹುಡುಕಿ. ಹಿಂದಿನ ಓನರ್ ಬಾಯಿಮಾತು ಲೆಕ್ಕಕ್ಕಿಲ್ಲ. ಬಿಲ್ ಸಿಗದಿದ್ದರೆ ಈ ಸಲವೇ ಬದಲಿಸಿಬಿಡಿ. ಓಡುವಾಗ ಅದು ಹರಿದರೆ ವಾಲ್ವ್‌ಗಳು ಬಾಗಿ ಹೆಡ್ಡೇ ಬಿಚ್ಚಬೇಕಾಗುತ್ತದೆ.